ಮುಡಿಯ ಕಂಪು

ತಲೆಗೂದಲಿಗೆ ಸುಗಂಧ ಹಚ್ಚುವುದು ಸೀಸೆಯೊಡನೆ ಸಮುದ್ರ ದಾಟಿ ಬಂದ ಶೋಕಿ ಎಂದು ತಿಳಿದಿರುವವರು ನಮ್ಮಲ್ಲಿ ಕಡಮೆಯಿಲ್ಲ. ಹಾಗೆಂದು ಮೂಗು ಮುರಿಯುವ ಹಿರಿಯರೂ ಉಂಟು, ಹಾಗೆಂದೇ ಹಿಗ್ಗುವ ಕಿರಿಯರೂ ಉಂಟು. ಇಬ್ಬರ ತಿಳಿವಳಿಕೆಯೂ ಸರಿಯಲ್ಲ. ಕೂದಲಿಗೆ ಕಂಪು ಕೊಡುವ ವಿದ್ಯೆ ಈ ದೇಶದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ಅದಕ್ಕೆ ‘ಗಂಧಯುಕ್ತಿ’ ಎಂದು ಹೆಸರು. ಅದರ ಒಂದೆರಡು ಎಳೆಗಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬಚ್ಚಲುಮನೆಗಳವರೆಗೂ ಹರಿದು ಬಂದಿವೆ.

ವರಾಹಮಿಹಿರನು 6ನೆಯ ಶತಮಾನದಲ್ಲಿ ರಚಿಸಿದ ‘ಬೃಹತ್ಸಂಹಿತೆ’ ಜ್ಯೋತಿಷದ ಗ್ರಂಥವೆಂದು ಪ್ರಸಿದ್ಧ. ಆದರೆ ಮಳೆ, ಭೂಕಂಪ, ಧೂಮಕೇತುಗಳ ವಿಚಾರದೊಡನೆ ಅದರಲ್ಲಿ ಗಂಧಯುಕ್ತಿಗೂ ಒಂದು ಅಧ್ಯಾಯ ಮೀಸಲಾಗಿದೆ. ಆ ಅಧ್ಯಾಯ ಆರಂಭವಾಗುವುದು ನರೆಗೂದಲಿನಿಂದ! ತಲೆ ಬೆಳ್ಳಗಾದವನಿಗೆ ಹೂಮಾಲೆಯಾಗಲಿ, ಧೂಪವಾಗಲಿ, ಒಡವೆಯಾಗಲಿ ಒಪ್ಪುವುದಿಲ್ಲವಾದ್ದರಿಂದ ಮೊದಲು ಕೂದಲನ್ನು ಕಪ್ಪು ಮಾಡಿಕೊಳ್ಳಬೇಕು ಎಂಬುದು ಆಚಾರ್ಯನ ಅಭಿಪ್ರಾಯ. ಐವತ್ತು ದಾಟಿದ ಉಪಾಧ್ಯಾಯನಿಗೆ ಈ ಮಾತು ಅಷ್ಟು ಹಿತವಲ್ಲ, ಇರಲಿ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ, ಕಬ್ಬಿಣದ ಪುಡಿಯೊಡನೆ ಹುಳಿನೀರಿನಲ್ಲಿ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಬಳಿದು, ಹಸಿ ಎಲೆ ಸುತ್ತಿಕೊಂಡು ಎರಡು ಜಾವ ಕುಳಿತಿರಬೇಕು. ಬಳಿಕ ನೆಲ್ಲಿಕಾಯಿಯ ಲೇಪ. ಅದಕ್ಕೆ ಮತ್ತೆರಡು ಜಾವ. ಜಾವಕ್ಕೆ 3 ಗಂಟೆಯಂತೆ ಲೆಕ್ಕ ಹಾಕಿದರೆ 12 ಗಂಟೆಯಾಯಿತು. ಇಷ್ಟೆಲ್ಲ ಆದಮೇಲೆ ತಲೆಯಲ್ಲಿ ಉಳಿಯುವ ಕಬ್ಬಿಣದ ಮತ್ತು ಹುಳಿಯ ನಾತವನ್ನು ತೊಲಗಿಸುವುದಕ್ಕೆ ಪರಿಮಳದ ನೀರು, ಪರಿಮಳದ ಎಣ್ಣೆ.

ಅಲ್ಲಿಯೇ ಹೇಳಿರುವ ಸಂಪಿಗೆ ತೈಲದ ವಿಧಾನ ಇನ್ನೂ ಸ್ವಾರಸ್ಯವಾಗಿದೆ. ಮಂಜಿಷ್ಠ, ಲವಂಗಚಕ್ಕೆ, ಕೋಷ್ಠ ಮೊದಲಾದವುಗಳ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಿಸಿಲಿನಲ್ಲಿ ಕಾಯಿಸಿದರೆ ಅದಕ್ಕೆ ಸಂಪಿಗೆಯ ವಾಸನೆ ಬರುತ್ತದೆಯಂತೆ. ಗಮನಿಸಿ: ಅದರಲ್ಲಿ ಸಂಪಿಗೆಯ ಒಂದು ಎಸಳೂ ಇಲ್ಲ! ಇಂದಿನ ಕಾರ್ಖಾನೆಗಳು ಮಲ್ಲಿಗೆಯಿಲ್ಲದೆ ಮಲ್ಲಿಗೆಯ ವಾಸನೆ ಮಾಡುತ್ತವೆಂದು ನಿಟ್ಟುಸಿರು ಬಿಡುವವರು ಇದನ್ನು ನೆನೆಯಬಹುದು. ಹದಿನಾರು ದ್ರವ್ಯಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ 1,74,720 ಬಗೆಯ ಸುಗಂಧಗಳಾಗುತ್ತವೆ ಎಂದೂ ಆತ ಗಣಿತ ಹಾಕಿಟ್ಟಿದ್ದಾನೆ.

ಕನ್ನಡದವರೂ ಹಿಂದೆ ಬೀಳಲಿಲ್ಲ. ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವಾಸ್ತು, ವೃಕ್ಷಾಯುರ್ವೇದ, ಅಡುಗೆಗಳ ಜೊತೆಗೆ ಗಂಧಯುಕ್ತಿಗೂ ಸ್ಥಳವಿದೆ. ಹೆಸರೇ ಹೇಳುವಂತೆ ಅದು ಲೋಕಕ್ಕೆ ಉಪಕಾರವಾಗಲೆಂದು ಬರೆದದ್ದು. ಅಂದರೆ ಸುಗಂಧವೂ ಗೃಹಕೃತ್ಯದ ತಿಳಿವಳಿಕೆಯಲ್ಲಿ ಸೇರಿತ್ತು. ಅದಾದ ನೂರು ವರ್ಷಕ್ಕೆ, ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ, ಅರಸನ ಭೋಗಗಳಲ್ಲಿ ಸ್ನಾನಕ್ಕೊಂದು, ಹೂಮಾಲೆಗೊಂದು, ಧೂಪಕ್ಕೊಂದು ಅಧ್ಯಾಯ ಕೊಟ್ಟನು. ಹೂವಿನಿಂದ ವಾಸನೆಗೊಳಿಸಿದ ಎಳ್ಳಿನ ಎಣ್ಣೆ ಅವನ ತಲೆಗೆ. ಎಳ್ಳನ್ನೂ ಹೂವನ್ನೂ ಪದರ ಪದರವಾಗಿ ಹರಡಿ, ಬಾಡಿದ ಹೂವನ್ನು ತೆಗೆದು ಹೊಸ ಹೂ ಹಾಕುತ್ತ ಬಂದರೆ, ಎಳ್ಳಿನ ಜಿಡ್ಡು ಕಂಪನ್ನು ಹೀರಿಕೊಳ್ಳುತ್ತದೆ. ಆಮೇಲೆ ಗಾಣಕ್ಕೆ ಹಾಕಬೇಕು. ಜಿಡ್ಡಿನಲ್ಲಿ ಸೇರಿದ ಪರಿಮಳ ಬೇಗ ಹಾರುವುದಿಲ್ಲ. ಈ ಗುಟ್ಟಿನ ಮೇಲೆಯೇ ಕೇಶತೈಲಗಳೆಲ್ಲ ನಿಂತಿವೆ.

ನಮ್ಮ ಸೀಮೆಯ ರಾಗಿಹೊಲದ ಮನೆಗಳಲ್ಲಿ ಅರಸನ ಎಣ್ಣೆ ಎಲ್ಲಿಂದ ಬರಬೇಕು? ಇಲ್ಲಿ ಎಣ್ಣೆನೀರೆಂದರೆ ಹರಳೆಣ್ಣೆ, ಸೀಗೆಪುಡಿ. ಹರಳೆಣ್ಣೆಯ ಕಮಟು ಸೀಗೆಗೆ ಪೂರ್ತಿ ಬಗ್ಗುವುದಿಲ್ಲ. ಕೂದಲ ಬುಡದ ತೇವವೂ ಬೇಗ ಆರುವುದಿಲ್ಲ. ಎರಡಕ್ಕೂ ಉಪಾಯವಾಗಿ ಬಂದುದು ಸಾಂಬ್ರಾಣಿ. ಕೆಂಡದ ಮೇಲೆ ಚಿಟಿಕೆ ಪುಡಿ ಉದುರಿಸಿ, ಬಿದಿರು ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂದಲು ಹರವಿದರೆ ಒಣಗುವುದೂ ಘಮಘಮಿಸುವುದೂ ಒಟ್ಟಿಗೇ ನಡೆಯುತ್ತದೆ. ಬಾಣಂತಿಯರಿಗಂತೂ ಇದು ತಪ್ಪದ ಉಪಚಾರವಾಗಿತ್ತು. ಕಾಳಿದಾಸನ ಮೇಘದೂತದಲ್ಲಿ ಉಜ್ಜಯಿನಿಯ ಹೆಂಗಳೆಯರ ಕೇಶಧೂಪವು ಜಾಲಂಧ್ರಗಳಿಂದ ಹೊರಟು ಮೋಡದ ಮೈ ತುಂಬುತ್ತದೆ. ಆ ಹೊಗೆಗೂ ಕನಕಪುರದ ಬಾಣಂತಿಯ ಕೋಣೆಯ ಹೊಗೆಗೂ ವಂಶ ಒಂದೇ.

ಹೂವಿನ ಮಾತು ಹೇಳಿ ಮುಗಿಯುವಂಥದಲ್ಲ. ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದುದನ್ನು ಕಂಡು, ಈ ಜನಕ್ಕೆ ಅದು ಅನ್ನದಷ್ಟೇ ಅಗತ್ಯವೆಂದು ಬರೆದನು. ಮುಂದೆ ಮಾಗಡಿಯಲ್ಲಿ ನೆಲೆಸಿದ ಕೆಂಪೇಗೌಡರ ಮನೆತನ ಆ ರಾಜ್ಯಕ್ಕೆ ನಡೆದುಕೊಂಡದ್ದೇ. ಮರುಗ, ದವನ, ಪಚ್ಚೆತೆನೆ, ಕೇದಗೆ, ಸುರಗಿ: ಇವುಗಳಲ್ಲಿ ಎಷ್ಟನ್ನು ನಿಮ್ಮ ಮನೆಯ ಮಕ್ಕಳು ಕಣ್ಣುಮುಚ್ಚಿ ವಾಸನೆಯಿಂದ ಗುರುತಿಸಬಲ್ಲರು? ತರಗತಿಯಲ್ಲಿ ಕೇಳಿದರೆ ಮಲ್ಲಿಗೆಯ ಆಚೆಗೆ ಕೈ ಏಳುವುದಿಲ್ಲ.

ಆದರೆ ಈ ಕಂಪಿನ ಚರಿತ್ರೆಯನ್ನು ಬರಿಯ ಹೆಮ್ಮೆಯಿಂದ ಹೇಳಿದರೆ ಅರ್ಧ ಹೇಳಿದಂತೆ. ಪರಿಮಳಕ್ಕೆ ಅಪ್ಪಣೆ ಬೇಕಾಗಿತ್ತು. ಬ್ರಹ್ಮಚಾರಿಗೆ ಗಂಧಮಾಲ್ಯಗಳು ನಿಷಿದ್ಧವೆಂದು ಮನು ಹೇಳಿದ. ಅವನಿಗೇನೋ ಅದು ಕೆಲವು ವರ್ಷದ ವ್ರತ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಹೂವೂ ಕುಂಕುಮವೂ ಬದುಕಿರುವವರೆಗೆ ಇಲ್ಲವಾದವು. ಕೆಲವು ಜಾತಿಗಳಲ್ಲಿ ಮುಡಿಯೇ ಇಲ್ಲವಾಯಿತು. ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ‘ಫಣಿಯಮ್ಮ’ ಅಂಥ ಒಬ್ಬ ಬಾಲವಿಧವೆಯ ಕಥೆ. ಎಷ್ಟೋ ಮನೆಗಳಲ್ಲಿ ಸೊಸೆಯಂದಿರ ಕೂದಲಿಗೆ ಸಾಂಬ್ರಾಣಿಯ ಹೊಗೆ ಹಿಡಿಯುತ್ತಿದ್ದ ಕೈ ಆ ತಲೆ ಬೋಳಿಸಿದ ಅತ್ತೆಯದೇ, ಸೋದರತ್ತೆಯದೇ. ಗಂಧಯುಕ್ತಿಯ ಗ್ರಂಥಗಳಲ್ಲಿ ಅವರ ಸುದ್ದಿ ಬರುವುದಿಲ್ಲ.

ಇನ್ನು ಸೀಸೆಯ ವಿಚಾರ. ಯೋಹಾನ್ ಮರಿಯಾ ಫರೀನಾ ಎಂಬ ಇಟಲಿಯವನು ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿ, ನಿಂಬೆಯ ಜಾತಿಯ ಹಣ್ಣುಗಳ ಸಾರವನ್ನು ಮದ್ಯಸಾರದಲ್ಲಿ ಬೆರೆಸಿ ತಯಾರಿಸಿದ ನೀರಿಗೆ ಆ ಊರಿನ ಹೆಸರೇ ಬಂದಿತು. ಅವನ ಅಂಗಡಿ ಆರಂಭವಾದದ್ದು 1709ರಲ್ಲಿ. ನಮ್ಮಲ್ಲಿ ಅದನ್ನು ತಲೆಗೆ ಹಚ್ಚಿದ್ದಕ್ಕಿಂತ ಜ್ವರ ಬಂದವರ ಹಣೆಗೆ ಬಟ್ಟೆ ನೆನೆಸಿ ಇಟ್ಟದ್ದೇ ಹೆಚ್ಚು. ಮದ್ಯಸಾರ ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ಕೂದಲಿಗೆ ಪದೇ ಪದೇ ಹಾಕಿದರೆ ಅದನ್ನೂ ಒಣಗಿಸುತ್ತದೆ. ನೇರವಾಗಿ ಚಿಮುಕಿಸುವ ಬದಲು ಬಾಚಣಿಗೆಗೆ ಸೋಕಿಸಿ ಬಾಚಿಕೊಳ್ಳುವುದು ಮೇಲು.

ಬಂಗಾಳದ ಎಚ್. ಬೋಸರು ‘ಕುಂತಲೀನ’ ಎಂಬ ಕೇಶತೈಲವನ್ನು ಮಾರುವುದಕ್ಕೆ ಕಥಾಸ್ಪರ್ಧೆಯನ್ನೇ ಏರ್ಪಡಿಸಿದರು. 1896ರಲ್ಲಿ ಬಹುಮಾನ ಗೆದ್ದ ಕಥೆಯಲ್ಲಿ ಹಡಗಿನ ಪ್ರಯಾಣಿಕನೊಬ್ಬ ಒಂದು ಸೀಸೆ ತಲೆಯೆಣ್ಣೆಯನ್ನು ಕಡಲಿಗೆ ಸುರಿದು ಚಂಡಮಾರುತವನ್ನು ಶಮನ ಮಾಡುತ್ತಾನೆ. ಬರೆದವರು ವಿಜ್ಞಾನಿ ಜಗದೀಶಚಂದ್ರ ಬೋಸರು!

ಮೈಸೂರಿನ ಶ್ರೀಗಂಧ ಈ ಕಥೆಗೆ ಹೊರತಲ್ಲ. ಕನೌಜಿನ ಅತ್ತರುಗಳಿಗೆ ಗಂಧದೆಣ್ಣೆಯೇ ಹಿಂದಿನಿಂದ ಆಧಾರ. ಹೂವಿನ ಆವಿಯನ್ನು ಅದು ಹಿಡಿದಿಡುತ್ತದೆ. 1914ರ ಯುದ್ಧದಿಂದ ಜರ್ಮನಿಗೆ ಗಂಧದ ಕೊರಡು ಹೋಗುವುದು ನಿಂತಾಗ, ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿ ತಾನೇ ಎಣ್ಣೆ ಇಳಿಸಲಾರಂಭಿಸಿತು. ಮರ ಮಾತ್ರ ಸರ್ಕಾರದ್ದು; ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿ ರೈತನಿಗೆ ಭಯದ ವಸ್ತುವಾಗಿತ್ತು. 2001ರ ಕಾನೂನು ತಿದ್ದುಪಡಿಯಿಂದ ಮರ ನೆಲದೊಡೆಯನದಾಯಿತು.

ಚನ್ನಪಟ್ಟಣದ ಮರವೋ ಬೇರೆ. ಅಲ್ಲಿಯ ಗೊಂಬೆಗಳೂ ಕುಂಕುಮದ ಭರಣಿಗಳೂ ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದಂಥವು. ಅದೇ ಮರದ ಎಲೆಯನ್ನು ಕೊಬ್ಬರಿಯೆಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ಕೆಲವು ದಿನಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತಲೆಯ ಹೊಟ್ಟಿಗೆ ಹಚ್ಚುತ್ತಾರೆ. ವರಾಹಮಿಹಿರನ ಸಂಪಿಗೆ ತೈಲಕ್ಕೂ ಒಲೆ ಬೇಕಿರಲಿಲ್ಲ, ಬಿಸಿಲೇ ಸಾಕಾಗಿತ್ತು.