ಹಳೇ ಕೇಸು, ಭಾಗ 6: ಸತ್ಯ ತಡವಾಗಿ ಬಂದ್ರೆ?

ಫ್ರೆಂಡ್ಸ್, ಇವತ್ತಿನ ಕೇಸು ಸ್ವಲ್ಪ ಭಾರ. ಪೂರ್ತಿ ಓದಿ.

2003, ಇಂಗ್ಲೆಂಡಿನ ನಾರ್ಫೋಕ್. ಒಂದು ಜೋಡಿ ತಮ್ಮ ಮಗುವಿನ ಕಾಲು ಊದಿದೆ ಅಂತ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಎಕ್ಸ್‌ರೇ ತೆಗೆದರೆ ಒಂದಲ್ಲ, ಹಲವು ಕಡೆ ಮೂಳೆ ಮುರಿತ. ಅಪ್ಪ ಅಮ್ಮನೇ ಹಿಂಸೆ ಕೊಟ್ಟಿದ್ದಾರೆ ಅನ್ನೋ ತೀರ್ಮಾನಕ್ಕೆ 2004ರಲ್ಲಿ ಕೋರ್ಟ್ ಬರುತ್ತೆ. ಮೂರೂ ಮಕ್ಕಳನ್ನ ಅವರಿಂದ ದೂರ ಮಾಡ್ತಾರೆ. 2005ರ ಕೊನೆಗೆ ಮೂವರೂ ಬೇರೆಯವರಿಗೆ ದತ್ತು.

ಆಮೇಲೆ ನಾಲ್ಕನೇ ಮಗು ಹುಟ್ಟುತ್ತೆ. ಆ ಮಗುವಿನ ವಿಷಯಕ್ಕೂ ಕೇಸ್ ಬಂದಾಗ ಹೊಸ ತಜ್ಞರು ಹಳೇ ದಾಖಲೆಗಳನ್ನ ತೆಗೆದು ನೋಡ್ತಾರೆ. ಆಸ್ಪತ್ರೆಗೆ ಹೋಗಿದ್ದ ಮಗು ಗಟ್ಟಿ ಆಹಾರ ತಿನ್ನದೆ ಸೋಯಾ ಹಾಲಿನ ಮೇಲೇ ಇತ್ತು. ಆ ಮುರಿತಗಳಿಗೆ ಕಾರಣ ಹೊಡೆತ ಅಲ್ಲ, ವಿಟಮಿನ್ ಸಿ ಕೊರತೆಯಿಂದ ಬರೋ ಸ್ಕರ್ವಿ ಇರಬಹುದು ಅಂತಾರೆ. 2007ರಲ್ಲಿ ಕೌನ್ಸಿಲ್ ಕೇಸ್ ವಾಪಸ್ ತಗೊಳ್ಳುತ್ತೆ. ನಾಲ್ಕನೇ ಮಗು ಮನೆಯಲ್ಲೇ ಉಳಿಯುತ್ತೆ.

ಹಾಗಾದ್ರೆ ಮೊದಲ ಮೂವರು?

ಇಲ್ಲಿ ಇತಿಹಾಸಕ್ಕೆ ಸ್ವಲ್ಪ ಹಿಂದೆ ಹೋಗೋಣ. ಅಪೀಲಿನಲ್ಲಿ ಹೊಸ ಸಾಕ್ಷ್ಯ ಯಾವಾಗ ತಗೋಬೇಕು ಅನ್ನೋದಕ್ಕೆ ಇಂಗ್ಲೆಂಡಿನ ನಿಯಮ ಬಂದಿದ್ದು 1954ರ ಲ್ಯಾಡ್ ವರ್ಸಸ್ ಮಾರ್ಷಲ್ ಕೇಸಿನಿಂದ. ಅದು ಮಕ್ಕಳ ಕೇಸೇ ಅಲ್ಲ. ಒಂದು ಬಂಗಲೆ ಮಾರಾಟದ 1,000 ಪೌಂಡ್ ಜಗಳ! ಡೆನಿಂಗ್ ಅನ್ನೋ ನ್ಯಾಯಾಧೀಶರು ಮೂರು ಷರತ್ತು ಹೇಳಿದ್ರು: ತಕ್ಕಮಟ್ಟಿಗೆ ಪ್ರಯತ್ನಪಟ್ಟಿದ್ದರೂ ಆ ಸಾಕ್ಷ್ಯ ಮೊದಲ ವಿಚಾರಣೆಗೆ ಸಿಗ್ತಿರಲಿಲ್ಲ ಅನ್ನುವಂತಿರಬೇಕು, ಅದು ತೀರ್ಪಿನ ಮೇಲೆ ದೊಡ್ಡ ಪರಿಣಾಮ ಬೀರುವಂತಿರಬೇಕು, ನಂಬುವಂತಿರಬೇಕು. ನಮ್ಮ ದೇಶದಲ್ಲೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 27 ಇದೇ ಥರ ಬಾಗಿಲನ್ನ ಸ್ವಲ್ಪ ಮಾತ್ರ ತೆರೆದಿಡುತ್ತೆ. ಇಲ್ಲದಿದ್ರೆ ಸೋತವರೆಲ್ಲ ದಿನಕ್ಕೊಂದು ಸಾಕ್ಷಿ ತರ್ತಾರೆ, ಕೇಸು ಮುಗಿಯೋದೇ ಇಲ್ಲ.

ಮಕ್ಕಳ ಕೇಸುಗಳಲ್ಲಿ ಇಂಗ್ಲಿಷ್ ಕೋರ್ಟುಗಳು ಈ ನಿಯಮವನ್ನ ಸ್ವಲ್ಪ ಸಡಿಲವಾಗೇ ನೋಡ್ತವೆ. ಆದರೂ 2009ರ ಫೆಬ್ರವರಿಯಲ್ಲಿ ಕೋರ್ಟ್ ಆಫ್ ಅಪೀಲ್ ಏನು ಹೇಳ್ತು ಗೊತ್ತಾ? ಪೋಷಕರಿಗೆ ಅನ್ಯಾಯ ಆಗಿದೆ ಅಂತಲೇ ಇಟ್ಟುಕೊಂಡರೂ ದತ್ತು ಆದೇಶ ರದ್ದು ಮಾಡೋಕೆ ಆಗಲ್ಲ ಅಂತ. ಮಕ್ಕಳು ವರ್ಷಗಟ್ಟಲೆ ಹೊಸ ಮನೆಯಲ್ಲಿ ಬೆಳೆದಿದ್ದಾರೆ, ದತ್ತು ಅಂದ್ರೆ ಶಾಶ್ವತ.

ಮೊದಲು ಓದಿದಾಗ ನಂಗೆ ಸಿಟ್ಟು ಬಂತು. ಆಮೇಲೆ ಆ ಮಕ್ಕಳ ಜಾಗದಲ್ಲಿ ನಿಂತು ಯೋಚಿಸಿದೆ. ಅವರ ಪಾಲಿಗೆ ಅಪ್ಪ ಅಮ್ಮ ಯಾರು? ದಿನಾ ಊಟ ಮಾಡಿಸಿ ಸ್ಕೂಲಿಗೆ ಕಳಿಸೋರು. ಅವರನ್ನ ಅಲ್ಲಿಂದ ಕಿತ್ತರೆ ಅದು ಎರಡನೇ ಅನ್ಯಾಯ.

ನಾವು ಬಿಕಾಂನೋರು. ಹೋದ ವರ್ಷದ ಲೆಕ್ಕದಲ್ಲಿ ತಪ್ಪು ಸಿಕ್ಕರೆ ಈ ವರ್ಷ ಒಂದು ರೆಕ್ಟಿಫಿಕೇಶನ್ ಎಂಟ್ರಿ ಹಾಕಿ ಸರಿ ಮಾಡ್ತೀವಿ. ಬಾಲ್ಯಕ್ಕೆ ಆ ಎಂಟ್ರಿ ಇಲ್ಲ. ಅದಕ್ಕೇ ನಂಗೆ ಅನ್ಸೋದು ಇಷ್ಟೇ: ಇಂಥ ಕೇಸುಗಳಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಅಪೀಲಿಗೆ ಕಾಯಬಾರದು, ಮೊದಲ ವಿಚಾರಣೆಯಲ್ಲೇ ಬರಬೇಕು.

ನೀವು ಆ ನ್ಯಾಯಾಧೀಶರ ಕುರ್ಚಿಯಲ್ಲಿ ಇದ್ದಿದ್ರೆ? ಕಾಮೆಂಟಲ್ಲಿ ಹೇಳಿ. ಭಾಗ 7 ಮುಂದಿನ ಭಾನುವಾರ.

#ಹಳೇಕೇಸು #ಇತಿಹಾಸ #ಕನ್ನಡ