ಬಾಚಿಯ ಕಾಯಕವೂ ಬಡಗಿತನದ ಇತಿಹಾಸವೂ

ಹನ್ನೆರಡನೆಯ ಶತಮಾನದ ಶರಣರ ನಾಮಾವಳಿಯನ್ನು ಪರಿಶೀಲಿಸಿದಾಗ, ಹಲವರ ಹೆಸರಿನ ಹಿಂದೆ ಅವರವರ ಕಾಯಕವೇ ವಿಶೇಷಣವಾಗಿ ನಿಂತಿರುವುದು ಕಂಡುಬರುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮುಂತಾದವರ ಹೆಸರುಗಳಲ್ಲಿ ವೃತ್ತಿಯ ಹೆಸರಿದೆ. ಆದರೆ ಕೆಲವರ ವಿಷಯದಲ್ಲಿ ವೃತ್ತಿಗೆ ಬದಲು ವೃತ್ತಿಯ ಉಪಕರಣವೇ ಹೆಸರಿಗೆ ಅಂಟಿಕೊಂಡಿದೆ. ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ ಇವರಂತೆ ಬಾಚಿಕಾಯಕದ ಬಸವಯ್ಯನವರೂ ಈ ಗುಂಪಿಗೆ ಸೇರಿದವರು. ಇವರು ಬಡಗಿಗಳು, ಇವರ ಸುದೀರ್ಘವಾದ ಅಂಕಿತದಲ್ಲಿ ವಿಶ್ವಕರ್ಮನ ಹೆಸರೂ ಅಡಗಿದೆ. ಇವರ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿಯೇ. ಉಳಿ, ಗರಗಸ, ಬೈರಿಗೆ ಇಷ್ಟೆಲ್ಲ ಇರುವಾಗ ಈ ಶರಣರ ಹೆಸರಿಗೆ ಬಾಚಿಯೇ ಏಕೆ ಸೇರಿತು? ವಚನಗಳನ್ನು ಓದುವವರು ಬಾಚಿಯನ್ನು ಜ್ಞಾನಕ್ಕೋ ಕ್ರಿಯೆಗೋ ಸಂಕೇತವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಉಪಕರಣವನ್ನೇ ಅರಿಯದೆ ಅದರ ಸಂಕೇತವನ್ನು ಹೇಳಹೊರಡುವುದು ಅಷ್ಟೇನೂ ಸಮಂಜಸವಲ್ಲ.

ಕೊಡಲಿಯ ಬಾಯಿ ಕಾವಿನ ನೇರಕ್ಕೆ ಇರುತ್ತದೆ; ಬಾಚಿಯ ಬಾಯಿ ಕಾವಿಗೆ ಅಡ್ಡಲಾಗಿ ಇರುತ್ತದೆ. ಕೊಡಲಿಯಿಂದ ಮರವನ್ನು ಕಡಿಯಬಹುದು, ಸೀಳಬಹುದು. ಆದರೆ ಅದನ್ನು ಸಮತಟ್ಟು ಮಾಡಬೇಕಾದರೆ ಬಾಚಿಯೇ ಬೇಕು. ದುಂಡನೆಯ ದಿಮ್ಮಿಯನ್ನು ಚೌಕ ಮಾಡುವುದು, ತೊಲೆಯ ಮುಖ ತೆಗೆಯುವುದು, ನೇಗಿಲಿಗೆ ಬಾಗು ಕೊಡುವುದು, ಇವೆಲ್ಲವೂ ಬಾಚಿಯಿಂದಲೇ ಆಗುವ ಕೆಲಸ. ಏಟು ತನ್ನ ಕಡೆಗೇ ಬರುವುದರಿಂದ ಪೆಟ್ಟು ತಪ್ಪಿದರೆ ಗಾಯವಾಗುವುದು ಕೆಲಸಗಾರನ ಕಾಲಿಗೇ. ಉಳಿದ ಉಪಕರಣಗಳೆಲ್ಲ ಬಾಚಿಯು ಹದಗೊಳಿಸಿದ ಮರದ ಮೇಲೆ ಆಮೇಲೆ ಬರತಕ್ಕವು. ಆದುದರಿಂದ ಬಡಗಿಯ ಕಾಯಕವನ್ನು ಒಂದೇ ಮಾತಿನಲ್ಲಿ ಸೂಚಿಸಲು ಇದಕ್ಕಿಂತ ತಕ್ಕ ಶಬ್ದವಿರಲಾರದು. ಶಬ್ದವೂ ಪ್ರಾಚೀನವಾದುದೇ: ಸಂಸ್ಕೃತದ ‘ವಾಶಿ’ ಕನ್ನಡದಲ್ಲಿ ಬಾಚಿಯಾಗಿದೆ, ‘ವರ್ಧಕಿ’ಯು ಪ್ರಾಕೃತದ ಮೂಲಕ ಬಡಗಿಯಾಗಿದೆ.

ಬಸವಯ್ಯನವರ ಕಾಲದ ಮರಗೆಲಸ ಇಂದು ಕಣ್ಣಿಗೆ ಕಾಣುವಂತೆ ಉಳಿದಿಲ್ಲವೆಂದೇ ಹೇಳಬೇಕು. ಗೆದ್ದಲು, ಮಳೆ, ಬೆಂಕಿ ಈ ಮೂರರಿಂದ ಮರವು ತಪ್ಪಿಸಿಕೊಳ್ಳುವುದು ದುರ್ಲಭ. ಮೈಸೂರಿನ ಹಳೆಯ ಮರದ ಅರಮನೆಯೇ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ, ತೇಗದ ಮರವೇ ಪ್ರಧಾನವಾದ ದರಿಯಾ ದೌಲತ್ ಉಳಿದುಬಂದದ್ದು ಒಂದು ಸುಕೃತ. ಅದಕ್ಕೂ ಹಿಂದಿನ ಕಾಲದ ಬಡಗಿತನವನ್ನು ಅರಿಯಬೇಕಾದರೆ, ವಿಚಿತ್ರವೆನಿಸಿದರೂ, ಕಲ್ಲನ್ನೇ ಕೇಳಬೇಕಾಗುತ್ತದೆ. ಐಹೊಳೆಯ ಲಾಡಖಾನ್ ದೇವಾಲಯದ ಚಾವಣಿಯಲ್ಲಿ ಕಲ್ಲುಚಪ್ಪಡಿಗಳ ಸಂದುಗಳ ಮೇಲೆ ಮರದ ದಿಮ್ಮಿಗಳಂತಹ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊಂದಿಸಿದ್ದಾರೆ. 578ರ ಬಾದಾಮಿಯ ಮೂರನೆಯ ಗುಹೆಯಲ್ಲಿ ಇಡೀ ಬೆಟ್ಟವೇ ಭಾರ ಹೊತ್ತಿದ್ದರೂ ತೊಲೆಗಳನ್ನೂ ಬೋದಿಗೆಗಳನ್ನೂ ಕೊರೆದಿದ್ದಾರೆ. ಶಿಲ್ಪಿಯ ಕೈ ಕಲ್ಲಿಗೆ ಬರುವ ಮೊದಲು ಮರದಲ್ಲಿ ಪಳಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕದಗಳ ವಿಷಯದಲ್ಲಿ ಈ ಸಾಕ್ಷಿ ಇನ್ನೂ ನೇರವಾದುದು. ಹಳೆಯ ದೇವಾಲಯಗಳ ದ್ವಾರಬಂಧದ ಹಿಂಬದಿಯಲ್ಲಿ, ಹೊಸ್ತಿಲ ತುದಿಗಳಲ್ಲಿಯೂ ಮೇಲಿನ ಅಡ್ಡಗಲ್ಲಿನಲ್ಲಿಯೂ ದುಂಡನೆಯ ಕುಳಿಗಳು ಕಾಣುವುದುಂಟು. ದರ್ಶನಕ್ಕೆ ಬಂದವರು ತೋರಣಶಿಲ್ಪವನ್ನು ನೋಡಿ ತಲೆದೂಗುತ್ತಾರೆಯೇ ಹೊರತು ಈ ಕುಳಿಗಳ ಕಡೆ ಕಣ್ಣು ಹಾಯಿಸುವವರು ವಿರಳ. ಕಬ್ಬಿಣದ ಕೀಲುಗಳ ಬಳಕೆ ಹರಡುವುದಕ್ಕೆ ಮುಂಚೆ ಕದದ ಗೋಡೆಬದಿಯ ಪಟ್ಟಿಯನ್ನೇ ಮೇಲೂ ಕೆಳಗೂ ಗೂಟದಂತೆ ಉದ್ದ ಬಿಟ್ಟು ಈ ಕುಳಿಗಳಲ್ಲಿ ನಿಲ್ಲಿಸುತ್ತಿದ್ದರು. ಮೇಲಿನ ಕುಳಿ ಕೆಳಗಿನದಕ್ಕಿಂತ ಆಳವಾಗಿದ್ದರೆ ಕದವನ್ನು ಮೊದಲು ಮೇಲಕ್ಕೆತ್ತಿ, ಬಳಿಕ ಕೆಳಗಿನ ಕುಳಿಗೆ ಇಳಿಸಬಹುದು. ಕದದ ಭಾರವೆಲ್ಲ ಹೊಸ್ತಿಲ ಕಲ್ಲಿನ ಮೇಲೆಯೇ ಬೀಳುವುದರಿಂದ ಚೌಕಟ್ಟಿನ ಮೇಲೆ ಜಗ್ಗಾಟವಿಲ್ಲ. ಇಂದು ಮೊಳೆ ಸಡಿಲಗೊಂಡು ನೆಲ ಕೆರೆಯುವ ಬಾಗಿಲುಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಬಡಗಿಯ ವಿದ್ಯೆಯ ತಿರುಳು ಕೆತ್ತನೆಯ ಚೆಲುವಿನಲ್ಲಿಲ್ಲ, ಮರದ ಸ್ವಭಾವವನ್ನು ಅರಿಯುವುದರಲ್ಲಿದೆ. ಹಸಿ ಮರ ಒಣಗುತ್ತ ಬಂದು ಅದರ ತೇವಾಂಶವು ಶೇಕಡ 30ರ ಸುಮಾರಿಗೆ ಇಳಿದ ಮೇಲೆ ಮರವು ಕುಗ್ಗತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಗಣನೆಗೆ ಬಾರದಷ್ಟು ಅಲ್ಪ. ಅಗಲದಲ್ಲಿ ಮಾತ್ರ ಗಣನೀಯ. ಅದರಲ್ಲಿಯೂ ವರ್ಷದ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಆಮೇಲೂ ಮರವು ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಸೊರಗುತ್ತದೆ. ಅಗಲವಾದ ಒಂದೇ ಹಲಗೆಯಿಂದ ಕದ ಮಾಡಿ ನಾಲ್ಕೂ ಕಡೆ ಬಿಗಿದರೆ ಅದು ಸೀಳದೆ ಇರಲಾರದು. ಇದಕ್ಕೆ ಪರಿಹಾರವಾಗಿ ಬಡಗಿಯು ಕಿರಿದಾದ ಪಟ್ಟಿಗಳಿಂದ ಚೌಕಟ್ಟು ಕಟ್ಟಿ, ಅದರ ಒಳಬದಿಗೆ ಗಾಡಿ ತೆಗೆದು, ತೆಳುಹಲಗೆಯನ್ನು ಅದರಲ್ಲಿ ಅಂಟಿಲ್ಲದೆ, ಮೊಳೆಯಿಲ್ಲದೆ ಸಡಿಲವಾಗಿ ಕೂರಿಸುತ್ತಾನೆ. ಹಲಗೆ ಒಳಗೇ ಉಬ್ಬಿ ಒಳಗೇ ಕುಗ್ಗುತ್ತದೆ; ಕದದ ಅಳತೆ ಮಾತ್ರ ಹೆಚ್ಚಾಗಿ ಕದಲುವುದಿಲ್ಲ. ಚೌಕಟ್ಟಿನ ಮೂಲೆಗಳಲ್ಲಿ ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊರೆದು, ಇನ್ನೊಂದರ ತೂತಿನಲ್ಲಿ ಕೂಡಿಸಿ, ಅಡ್ಡಲಾಗಿ ಬಿದಿರಿನ ಆಣಿ ಹೊಡೆಯುತ್ತಾನೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲ ಮರವನ್ನೂ ಕೆಡಿಸುತ್ತದೆ. ಬಿದಿರಿನ ಆಣಿಗೆ ಆ ದೋಷವಿಲ್ಲ.

ಮನೆಯ ಸಾಮಗ್ರಿಯ ಕಥೆ ಇಷ್ಟು ದೀರ್ಘವಲ್ಲ. ಮಣೆ, ಮಂಚ, ತೊಟ್ಟಿಲು, ಪೆಟ್ಟಿಗೆ ಇವು ನಾಡಿನಲ್ಲಿ ಹಿಂದಿನಿಂದ ಬಂದವು. ಕುರ್ಚಿ ಅರಬ್ಬಿಯಿಂದ ಬಂದ ಮಾತು, ಅಲಮಾರು ಪೋರ್ಚುಗೀಸರದು. ಕಪಾಟಿನ ಕಥೆ ಮಾತ್ರ ಸ್ವಾರಸ್ಯವಾದುದು. ಸಂಸ್ಕೃತದಲ್ಲಿ ಕಪಾಟವೆಂದರೆ ಕದ. ದಪ್ಪ ಮಣ್ಣುಗೋಡೆಯಲ್ಲಿ ಗೂಡು ಬಿಟ್ಟು ಅದಕ್ಕೊಂದು ಕದ ಇಟ್ಟರೆ ಸಾಮಾನಿಡುವ ಸ್ಥಳ ಸಿದ್ಧವಾಗುತ್ತಿತ್ತು. ಉಳಿದುದೆಲ್ಲ ಗೋಡೆಯೇ ಆದ್ದರಿಂದ ಬಡಗಿಗೆ ಅಲ್ಲಿದ್ದ ಕೆಲಸ ಕದವೊಂದೇ. ಕದದ ಹೆಸರೇ ಇಡೀ ವಸ್ತುವಿಗೆ ಬಂದುದು ಹೀಗಿರಬೇಕು. ಗೋಡೆಯಿಂದ ಬೇರ್ಪಟ್ಟು ತಾನಾಗಿ ನಿಂತ ಮೇಲೂ ಅದು ಆ ಹೆಸರನ್ನು ಬಿಡಲಿಲ್ಲ.

ಇಂದು ಹಳೆಯ ವಾಡೆಗಳನ್ನೂ ಮನೆಗಳನ್ನೂ ಕೆಡವುವಾಗ ಚೌಕಟ್ಟುಗಳು, ಕಂಬಗಳು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಕೆತ್ತನೆಯಿದ್ದರೆ ಪಟ್ಟಣದ ಅಂಗಡಿಗೆ, ಇಲ್ಲದಿದ್ದರೆ ಒಲೆಗೆ. ಇತಿಹಾಸದ ದೃಷ್ಟಿಯಿಂದ ಕೆತ್ತನೆಯಿಲ್ಲದ ಕದವೇ ಹೆಚ್ಚು ಬೆಲೆಯುಳ್ಳದ್ದು. ಜೋಡಣೆಯ ಕ್ರಮ, ಬಾಚಿಯ ಗುರುತು ಅದರ ಹಿಂಬದಿಯಲ್ಲಿಯೇ ಉಳಿದಿರುತ್ತವೆ. ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಇವುಗಳ ಅಳತೆ, ಚಿತ್ರಗಳನ್ನು ಬರೆದಿಡಬೇಕು. ಮಠಗಳ ಜೀರ್ಣೋದ್ಧಾರ ಮಾಡಿಸುವವರು ಹಳೆಯ ಬಾಗಿಲು ಕೀಳಿಸುವ ಮುನ್ನ ಇಷ್ಟನ್ನಾದರೂ ಮಾಡಿಸಬಹುದು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದುದು ಎಲ್ಲರೂ ಬಲ್ಲ ಸಂಗತಿ. ಅಂತಹ ಓಲೆಯ ಕಟ್ಟುಗಳ ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು, ತೂತು ಕೊರೆದು, ದಾರ ಪೋಣಿಸಿ ಬಿಗಿಯುವುದು ಪದ್ಧತಿ. ಓಲೆಯ ಕೊನೆಯಲ್ಲಿ ಪ್ರತಿ ಮಾಡಿದವನ ಹೆಸರು ಇರುವುದುಂಟು. ಹಲಗೆ ಕೀಸಿದ ಬಡಗಿಯ ಹೆಸರನ್ನು ಬರೆಯುವ ರೂಢಿಯಿರಲಿಲ್ಲ.