ಮನೆಯ ಗಣಕಯಂತ್ರದಲ್ಲಿ ಡಿಸ್ಕ್ ಸ್ಥಳದ ಕೊರತೆ: ಅರ್ಜಿದಾರರಿಗೆ ಮಾಹಿತಿ

ಸೇವಾ ಸಿಂಧು, ಕಾವೇರಿ, ಇ-ಆಸ್ತಿ ಮುಂತಾದ ಜಾಲತಾಣಗಳ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸುವ ನಾಗರಿಕರಿಗೆ, ದಾಖಲೆಗಳನ್ನು ಸಿದ್ಧಪಡಿಸುವ ಹಂತದಲ್ಲಿ ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ಎದುರಾಗುವುದುಂಟು. ಸ್ಕ್ಯಾನ್ ಮಾಡಿದ ಪ್ರತಿ ಉಳಿಯುವುದಿಲ್ಲ. ಶುಲ್ಕ ಪಾವತಿಯಾದರೂ ಸ್ವೀಕೃತಿ ಪತ್ರ ಇಳಿಯುವುದಿಲ್ಲ. ಇಂತಹ ಆತುರದಲ್ಲಿ ಕಣ್ಣಿಗೆ ಬಿದ್ದ ಕಡತಗಳನ್ನು ಅಳಿಸಿ, ಬೇಕಾದ ದಾಖಲೆಯನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಅರ್ಜಿದಾರರು ಈ ಕೆಳಕಂಡ ವಿವರಗಳನ್ನು ಗಮನಿಸುವುದು ಸೂಕ್ತ.

ಹಳೆಯ ಬಡಾವಣೆಗಳ ದಾಖಲೆಗಳು

ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರಂ 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. ಇಲ್ಲಿನ ಅನೇಕ ಮನೆಗಳು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನಗಳ ಮೂಲಕ ಮೂರು ನಾಲ್ಕು ತಲೆಮಾರು ದಾಟಿ ಬಂದಿವೆ. ಬೆಂಗಳೂರಿನಲ್ಲಿ 2024ರಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ, ಟ್ರಂಕಿನಲ್ಲಿದ್ದ ಕಾಗದದ ಕಂತೆಗಳು ಸ್ಕ್ಯಾನರ್ ಮೇಲೆ ಬಂದಿವೆ. ಎ4 ಅಳತೆಯ ಒಂದು ಹಾಳೆಯನ್ನು 600 ಡಿ.ಪಿ.ಐ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಬಿ.ಎಂ.ಪಿ. ಮಾದರಿಯಲ್ಲಿ ಉಳಿಸಿದರೆ ಸುಮಾರು 100 ಎಂ.ಬಿ. ಆಗುತ್ತದೆ, 40 ಪುಟಗಳ ಒಂದು ವಿಭಾಗಪತ್ರವೇ 4 ಜಿ.ಬಿ. ಅದೇ ಹಾಳೆ 200 ಡಿ.ಪಿ.ಐ. ಗ್ರೇಸ್ಕೇಲ್‌ನಲ್ಲಿ 4 ಎಂ.ಬಿ.ಗಿಂತ ಕಡಿಮೆ, ಜೆಪೆಗ್ ಮಾದರಿಯಲ್ಲಿ ಉಳಿಸಿದರೆ ಅದಕ್ಕಿಂತಲೂ ಬಹಳ ಕಡಿಮೆ. ಮುದ್ರಿತ ಹಾಳೆಗಳಿಗೆ ಇಷ್ಟು ಸಾಕು. ಮಾಸಿದ ಶಾಯಿ, ಹಳೆಯ ಮೊಹರು ಇರುವ ಛಾಪಾ ಕಾಗದಕ್ಕೆ ಮಾತ್ರ 300 ಡಿ.ಪಿ.ಐ. ಬಣ್ಣವನ್ನು ಬಳಸಬಹುದು.

ಮತ್ತೆ ದೊರೆಯುವುದು, ದೊರೆಯದಿರುವುದು

ಗಣಕೀಕೃತ ಪಹಣಿ, ಈಚಿನ ವರ್ಷಗಳ ಋಣಭಾರ ಪ್ರಮಾಣಪತ್ರ, ಆಧಾರ್ ಪ್ರತಿ ಇವುಗಳನ್ನು ಪುನಃ ಪಡೆಯಲು ಸಾಧ್ಯ. ಶುಲ್ಕವೂ ಸ್ವಲ್ಪ ಸಮಯವೂ ಬೇಕಾಗಬಹುದು, ಅಷ್ಟೆ. ಅಜ್ಜನ ಕಾಲದ ನೋಂದಾಯಿಸದ ಒಪ್ಪಂದ, ಹಳೆಯ ಕಂದಾಯ ರಸೀದಿ, ಮೂಲಪ್ರತಿಯು ಗೆದ್ದಲು ಹಿಡಿದು ಹೋದ ನಂತರ ಉಳಿದ ಒಂದೇ ಸ್ಕ್ಯಾನ್ ಪ್ರತಿ ಇವು ಯಾವ ಕಚೇರಿಯಲ್ಲಿಯೂ ಸಿಗಲಾರವು. ಅಳಿಸುವ ಮುನ್ನ ಪ್ರತಿ ಕಡತದ ಬಗ್ಗೆ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು. ವಾಸ್ತವವಾಗಿ ಸಂಕುಚಿತ ದಾಖಲೆಗಳು ಹಿಡಿಯುವ ಸ್ಥಳ ಅಲ್ಪ. ಮೊಬೈಲ್‌ನಿಂದ ನಕಲಾದ ಮದುವೆಯ ವಿಡಿಯೊ ಒಂದೇ ನೂರಾರು ದಾಖಲೆಗಳಷ್ಟು ಸ್ಥಳವನ್ನು ಆಕ್ರಮಿಸಿರುತ್ತದೆ.

ತುಂಬಿರುವುದು ಡಿಸ್ಕೋ, ಸಿ ವಿಭಾಗವೋ?

ಅನೇಕ ಮನೆಗಳಲ್ಲಿ ಡಿಸ್ಕ್ ತುಂಬಿರುವುದೇ ಇಲ್ಲ. ಬಿಡಿಭಾಗಗಳನ್ನು ಜೋಡಿಸಿ ಕೊಡುವ ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ ಎಂದು ವಿಭಾಗಿಸಿ ಕೊಡುವುದು ರೂಢಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಸಿ ವಿಭಾಗದಲ್ಲಿಯೇ ಬೆಳೆಯುತ್ತವೆ. ಡಿ ವಿಭಾಗ ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ದಿಸ್ ಪಿ.ಸಿ. ತೆರೆದು ನೋಡಿದರೆ ಇದು ತಿಳಿಯುತ್ತದೆ. ಹಾಗಿದ್ದಲ್ಲಿ ಏನನ್ನೂ ಅಳಿಸಬೇಕಾಗಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಆಯ್ಕೆ ಮಾಡಿ, ಮೂವ್ ಮೂಲಕ ಡಿ ವಿಭಾಗದ ಪ್ರತ್ಯೇಕ ಫೋಲ್ಡರನ್ನು ಸೂಚಿಸಿದರೆ ಕಡತಗಳು ಅಲ್ಲಿಗೆ ವರ್ಗವಾಗುತ್ತವೆ. 128 ಜಿ.ಬಿ. ಎಂದು ಕೊಂಡ ಡಿಸ್ಕ್ 119 ಜಿ.ಬಿ. ಎಂದು ತೋರಿಸುವುದು ಎಣಿಕೆಯ ಪದ್ಧತಿಯ ವ್ಯತ್ಯಾಸ, ಅದು ಮೋಸವಲ್ಲ.

ಎಲ್ಲ ವಿಭಾಗಗಳೂ ತುಂಬಿದ್ದಲ್ಲಿ, ಸೆಟ್ಟಿಂಗ್ಸ್‌ನ ಸಿಸ್ಟಂ ಅಡಿಯಲ್ಲಿರುವ ಸ್ಟೋರೇಜ್ ಪುಟವು ಯಾವುದು ಎಷ್ಟು ಸ್ಥಳ ಹಿಡಿದಿದೆ ಎಂದು ತಿಳಿಸುತ್ತದೆ. ತಾತ್ಕಾಲಿಕ ಕಡತಗಳನ್ನು ತೆಗೆಯಬಹುದು. ವಿಂಡೋಸ್‌ನ ಹೊಸ ಆವೃತ್ತಿಗೆ ಬದಲಾದ ಮೇಲೆ ಉಳಿಯುವ ಹಿಂದಿನ ಆವೃತ್ತಿಯ ಕಡತಗಳು ಅನೇಕ ಜಿ.ಬಿ. ಇರುತ್ತವೆ, ಹಳೆಯದಕ್ಕೆ ಮರಳುವ ಉದ್ದೇಶವಿಲ್ಲದಿದ್ದರೆ ಅವೂ ಬೇಡ. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇದ್ದರೆ ಅದಕ್ಕೆ ಗುರುತು ಹಾಕಕೂಡದು. ಕಚೇರಿಗಳಿಂದ ಬಂದ ಸ್ವೀಕೃತಿ ಪತ್ರಗಳು, ಪ್ರಮಾಣಪತ್ರಗಳು ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಅವನ್ನು ಬೇರೆಡೆಗೆ ವರ್ಗಾಯಿಸಿದ ನಂತರವೇ ಆ ಫೋಲ್ಡರನ್ನು ಸ್ವಚ್ಛಗೊಳಿಸತಕ್ಕದ್ದು. ರಿಸೈಕಲ್ ಬಿನ್ ಖಾಲಿ ಮಾಡುವವರೆಗೆ ಅದರಲ್ಲಿರುವ ಕಡತಗಳ ಸ್ಥಳ ಬಿಡುವಾಗುವುದಿಲ್ಲ. ಖಾಲಿ ಮಾಡಿದ ನಂತರ ಮರಳಿ ಪಡೆಯುವುದು ಕಷ್ಟ.

ನುಡಿ ಅಕ್ಷರಶೈಲಿಗಳು

ಅನವಶ್ಯಕ ತಂತ್ರಾಂಶಗಳನ್ನು ತೆಗೆಯುವಾಗ ನುಡಿಯನ್ನೂ ತೆಗೆದುಹಾಕುವುದುಂಟು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಈ ತಂತ್ರಾಂಶದಲ್ಲಿ, ಯೂನಿಕೋಡ್ ರೂಢಿಗೆ ಬರುವ ಮೊದಲು, ಲಕ್ಷಾಂತರ ಪುಟಗಳು ಬೆರಳಚ್ಚಾಗಿವೆ. ಅಂತಹ ಕಡತಗಳಲ್ಲಿ ಕನ್ನಡ ಅಕ್ಷರ ಕಾಣುವುದು ಆ ಅಕ್ಷರಶೈಲಿ ಇದ್ದಾಗ ಮಾತ್ರ. ಅದನ್ನು ತೆಗೆದರೆ ಪತ್ರವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ತಿಳಿದು ಅದನ್ನೂ ಅಳಿಸುವುದು ಇನ್ನೂ ದೊಡ್ಡ ತಪ್ಪು. ಕಡತ ಕೆಟ್ಟಿರುವುದಿಲ್ಲ, ಅಕ್ಷರಶೈಲಿಯನ್ನು ಪುನಃ ಅಳವಡಿಸಿದರೆ ಅಥವಾ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿದರೆ ಓದಲು ಬರುತ್ತದೆ. ಒಂದು ಅಕ್ಷರಶೈಲಿ ಮೊಬೈಲ್‌ನ ಒಂದು ಛಾಯಾಚಿತ್ರದಷ್ಟು ಸ್ಥಳವನ್ನೂ ಹಿಡಿಯುವುದಿಲ್ಲ. ಅದನ್ನು ತೆಗೆಯುವುದರಿಂದ ಪ್ರಯೋಜನವಿಲ್ಲ.

ಡಿಜಿಟಲ್ ಸಹಿ ಇರುವ ಪ್ರತಿಗಳು

ಡಿಜಿಟಲ್ ಸಹಿಯುಳ್ಳ ಪಿ.ಡಿ.ಎಫ್. ಕಡತವನ್ನು ಗಾತ್ರ ತಗ್ಗಿಸುವ ತಂತ್ರಾಂಶಕ್ಕೆ ಒಳಪಡಿಸಿದರೆ ಸಹಿಯ ಸಿಂಧುತ್ವ ಹೋಗುತ್ತದೆ. ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದರೂ ಹಾಗೆಯೇ. ಇವುಗಳನ್ನು ಬಂದ ಸ್ಥಿತಿಯಲ್ಲಿಯೇ ಇಡತಕ್ಕದ್ದು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಆಧಾರ್, ವಾಹನ ಚಾಲನಾ ಪರವಾನಗಿ ಮೊದಲಾದವು ನೀಡಿದ ಸಂಸ್ಥೆಯಿಂದಲೇ ನೇರವಾಗಿ ದೊರೆಯುವುದರಿಂದ ಮನೆಯ ಡಿಸ್ಕಿನಲ್ಲಿ ಅವುಗಳ ಹತ್ತಾರು ಪ್ರತಿಗಳು ಬೇಕಾಗಿಲ್ಲ.

ಹೆಚ್ಚುವರಿ ಡಿಸ್ಕ್ ಬೇಕಾದಲ್ಲಿ ಎಸ್.ಪಿ. ರಸ್ತೆಯ ಅಂಗಡಿಗಳು ಈ ಬಡಾವಣೆಗಳಿಗೆ ದೂರವಲ್ಲ. ನಂಬಲಾಗದಷ್ಟು ಕಡಿಮೆ ಬೆಲೆಗೆ ದೊರೆಯುವ ಭಾರಿ ಸಾಮರ್ಥ್ಯದ ಪೆನ್ ಡ್ರೈವ್‌ಗಳು ನಮೂದಿಸಿದಷ್ಟು ಹಿಡಿಯದೆ ಇರುವುದುಂಟು. ರಸೀದಿ ಪಡೆದು ಕೊಳ್ಳುವುದು ಕ್ಷೇಮ. ಹೊರ ಡಿಸ್ಕಿಗೆ ನಕಲಿಸಿದ ದಾಖಲೆಗಳನ್ನು ತೆರೆದು ನೋಡಿದ ನಂತರವೇ ಮೂಲವನ್ನು ಅಳಿಸಬೇಕು. ಮತ್ತೆ ದೊರೆಯದ ದಾಖಲೆಗಳಿಗೆ ಎರಡು ಪ್ರತಿಗಳು, ಎರಡು ಬೇರೆ ಸಾಧನಗಳಲ್ಲಿ ಇರತಕ್ಕದ್ದು.

ಸ್ವೀಕೃತಿ ಪತ್ರ ಇಳಿಯುವ ಮುನ್ನವೇ ಸ್ಥಳ ಮುಗಿದಲ್ಲಿ ಎರಡನೆಯ ಬಾರಿ ಶುಲ್ಕ ಪಾವತಿಸಬಾರದು. ಪರದೆಯ ಮೇಲಿನ ಅರ್ಜಿ ಸಂಖ್ಯೆ ಮತ್ತು ವಹಿವಾಟು ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು, ಸ್ಥಳ ಬಿಡುವು ಮಾಡಿ, ಅದೇ ಜಾಲತಾಣಕ್ಕೆ ಮರಳಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು.